ಬುಧವಾರ ತಂದ ಚೀಲಗಳು

"ಜನರಿಗೆ ಸುಳ್ಳು ಹೇಳಿ ಮಾರಬ್ಯಾಡ್ರಿ ಮೇಡಂ."

ಬಾಗಿಲಲ್ಲಿ ನಿಂತವನ ಮಾತಿಗೆ ಅರುಣಾ ತಲೆ ಎತ್ತಿದಳು. ಕೈಯಲ್ಲಿ ಮೇಣ ತಿಕ್ಕಿದ ದಾರ, ತುಟಿಗಳ ನಡುವೆ ದಬ್ಬಳ. ಜಗಳಕ್ಕೆ ಬಂದವನಿಗೆ ಉತ್ತರ ಕೊಡಬೇಕೆಂದರೆ ಮೊದಲು ದಬ್ಬಳ ಕೆಳಗಿಡಬೇಕು. ಇಟ್ಟಳು. ಬಾಯಿ ತೆರೆದಳು. ಮಾತಿನ ಬದಲು ಸೀನು ಬಂತು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು.

ಬಂದವನ ಅಂಗಿಯಿಂದ ಒಣಮೆಣಸಿನಕಾಯಿಯ ಘಾಟು ಏಳುತ್ತಿತ್ತು.

"ಬ್ಯಾಡಗಿಯವ್ರು," ಎಂದಳು ಮೂಗು ಒರೆಸಿಕೊಂಡು.

"ಹೌದು. ಹೆಂಗ ಗೊತ್ತಾತು?"

"ಮೂಗಿಗೆ ಗೊತ್ತಾತು. ಏನು ಸುಳ್ಳು ಹೇಳೇನಿ, ಹೇಳ್ರಿ."

ಅವನು ಫೋನು ಮುಂದೆ ಹಿಡಿದ. ಅವಳದೇ ಇನ್‌ಸ್ಟಾಗ್ರಾಂ ಪುಟ. ಜೇನಿನ ಬಣ್ಣದ ತೊಗಲಿನ ಕೈಚೀಲ, ಹಿತ್ತಾಳೆಯ ಕೊಂಡಿ. ಕೆಳಗೆ ಅವಳೇ ಬರೆದ ಸಾಲು: ಬ್ಯಾಡಗಿಯ ಹಳೆಯ ಮನೆಯೊಂದರಿಂದ ಬಂದದ್ದು, ಐವತ್ತು ವರ್ಷದ ಚೀಲ.

"ಬ್ಯಾಡಗಿಯೊಳಗ ಹಳೇ ಮನಿ ಸಾಮಾನು ತಗೊಂಡು ಮಾರಾಂವ ನಾ ಒಬ್ಬನೇ. ಕಲ್ಲೇಶ ಅಂತ. ಇಂಥಾದ್ದೊಂದು ಚೀಲ ನನ್ನ ಕಡೆ ಇತ್ತು, ಖರೇ. ಮ್ಯಾಲೆಲ್ಲ ಹಸಿರು ಬೂಷ್ಟು ಹಿಡಿದು ಕೊಳತು ಹೋಗಿತ್ತು. ಗುಜರಿಯವಗ ನಾನೇ ಒಗದೇನಿ. ಇದು ನೋಡಿದ್ರ ಹೊಸಾದೈತಿ."

ಅರುಣಾ ಕಪಾಟಿನಿಂದ ಆ ಚೀಲವನ್ನು ತೆಗೆದು, ಬಾಯಿ ತೆರೆದು, ಒಳಗಿನ ಅಸ್ತರವನ್ನು ಹೊರಕ್ಕೆ ತಿರುಗಿಸಿ ಅವನೆದುರು ಇಟ್ಟಳು. ಹಳದಿಯಾದ ಬಟ್ಟೆಯ ಮೂಲೆಯಲ್ಲಿ ಕೆಂಪು ನೂಲಿನಿಂದ ಯಾರೋ 'ಸು' ಎಂದು ಹೊಲಿದಿದ್ದರು. ಅದರ ಪಕ್ಕದಲ್ಲಿ ಅಂಗೈಯಗಲದ ನೀಲಿ ಶಾಯಿಯ ಕಲೆ.

ಕಲ್ಲೇಶ ಬಗ್ಗಿ ನೋಡಿದ. ಎದ್ದು ನಿಂತ. ಮತ್ತೆ ಬಗ್ಗಿ ನೋಡಿದ.

"ಈ ಕಲೆ ನಾ ನೋಡೇನಿ," ಎಂದ ಮೆಲ್ಲಗೆ. "ಅದೇ ಚೀಲಾರಿ ಇದು."

"ಆ ಗುಜರಿಯವನ ಕಡೆಯಿಂದನ ತಗೊಂಡೇನಿ. ಮತ್ತ?"

"ಮತ್ತೇನ್ರಿ, ತಪ್ಪಾತು." ಅವನ ಕಿವಿಗಳು ಕೆಂಪಾಗಿದ್ದವು. ಬೈಯಲು ಬಂದ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ಅರುಣಾ ಅದುವರೆಗೆ ಕಂಡಿರಲಿಲ್ಲ. "ಇಷ್ಟು ಕೊಳತದ್ದನ್ನ ಹೆಂಗ ಎಬ್ಬಿಸಿದ್ರಿ?"

"ಕೊಳತಿರಲಿಲ್ಲ. ಬಾಯಾರಿತ್ತು ಅಷ್ಟ. ನೆರಳಾಗ ಒಣಗಿಸಿ, ಬೂಷ್ಟು ಒರೆಸಿ, ಹದಿನೈದು ದಿವಸ ಔಡಲ ಎಣ್ಣಿ ಕುಡಿಸೇನಿ."

ಅವನು ಹೋಗುವ ಮುನ್ನ ಕುಡಿಯಲು ನೀರು ಕೇಳಿದ. ಒಳಗೆ ಕುಳಿತಿದ್ದ ಅವಳ ಅಪ್ಪ ಮೈಲಾರಪ್ಪ ತಿರುಗಿ ನೋಡಿದರು. ರಾಣೇಬೆನ್ನೂರಿನ ಸ್ಟೇಷನ್ ರಸ್ತೆಯ ಆ ಪುಟ್ಟ ಅಂಗಡಿಯಲ್ಲಿ ನಲವತ್ತು ವರ್ಷ ಚಪ್ಪಲಿ ಹೊಲಿದವರು ಅವರು. ಕಣ್ಣು ಮಂಜಾದ ಮೇಲೆ ಸೂಜಿ ಮಗಳ ಕೈಗೆ ಬಂದಿತ್ತು. ಈಗ ಕಾರಿನಲ್ಲಿ ಬರುವ ಹೆಂಗಸರು ಮಗಳ ಕೆಲಸವನ್ನು ಹೊಗಳುತ್ತಾರೆ, ಅವಳು ಹದಮಾಡಿದ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿ ನೋಡುತ್ತಾರೆ. ಬಾಯಾರಿದರೆ ಮಾತ್ರ ಇಲ್ಲಿಯ ನೀರು ಮುಟ್ಟದೆ ತಮ್ಮ ತಮ್ಮ ಬಾಟಲಿ ತೆಗೆಯುತ್ತಾರೆ. ಇವನು, ಅವಳು ಕೊಟ್ಟ ತಂಬಿಗೆಯನ್ನು ಎತ್ತಿ ಗಟಗಟ ಕುಡಿದು, "ಇನ್ನೊಂದೀಟು ಕೊಡ್ರಿ" ಎಂದ.

ಆ ದಿನ ಬುಧವಾರ.

ಮುಂದಿನ ಬುಧವಾರವೂ ಬಂದ. ಹೆಗಲ ಮೇಲೆ ಗೋಣಿಚೀಲ, ಅದರ ತುಂಬ ಹಳೆಯ ಕೈಚೀಲಗಳು. ಹಾವೇರಿಯ ವಕೀಲರೊಬ್ಬರ ಮನೆ ಖಾಲಿ ಮಾಡುವಾಗ ಸಿಕ್ಕವಂತೆ.

ಅರುಣಾ ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ಪಕ್ಕಕ್ಕಿಟ್ಟಳು. "ಇದು ರೆಕ್ಸಿನ್. ಇದೂ ರೆಕ್ಸಿನ್. ಇದು ಚಲೋ ತೊಗಲು. ಇದು... ಅಲ್ರಿ, ಇದನ್ನ ಯಾವ ಧೈರ್ಯದ ಮ್ಯಾಲ ತಂದ್ರಿ?"

"ನೋಡಾಕ ತೊಗಲಿನಂಗ ಐತಲ್ರಿ."

"ನೋಡಿದ್ರ ಆಗಂಗಿಲ್ಲ. ಮುಟ್ಟಬೇಕು. ಹಿಂಗ ಒತ್ರಿ. ತೊಗಲಾದ್ರ ಸುತ್ತ ಸಣ್ಣ ಸಣ್ಣ ಗೆರಿ ಏಳ್ತಾವು, ನಮ್ಮ ಅಂಗೈಯಾಗ ಇದ್ದಂಗ. ರೆಕ್ಸಿನ್ ಸುಮ್ಮ ತೆಗ್ಗಾಗತೈತಿ, ಮತ್ತ ಉಬ್ಬತೈತಿ."

ಅವನು ಒತ್ತಿದ. ಅವಳ ಹೆಬ್ಬೆರಳು ಇದ್ದಲ್ಲಿಂದ ಎರಡು ಬೆರಳಿನಷ್ಟು ದೂರದಲ್ಲಿ. ತೊಗಲಿನ ಮೇಲೆ ಎದ್ದ ಗೆರೆಗಳು ಅವನ ಕಡೆಯಿಂದಲೂ ಅವಳ ಕಡೆಯಿಂದಲೂ ಹೊರಟು ನಡುವೆ ಎಲ್ಲೋ ಸೇರಿದವು. ಇಬ್ಬರೂ ಅದನ್ನು ನೋಡಿದರು. ಮೊದಲು ಕೈ ತೆಗೆದವಳು ಅವಳು.

ಮಳೆಗಾಲ ಕಳೆಯಿತು, ದೀಪಾವಳಿ ಬಂದು ಹೋಯಿತು. ಬುಧವಾರಗಳು ಮಾತ್ರ ತಪ್ಪಲಿಲ್ಲ. ತಂದ ಹತ್ತರಲ್ಲಿ ಏಳು ರೆಕ್ಸಿನ್ ಇರುತ್ತಿದ್ದವು. ಅವಳು ಬೈಯುತ್ತಿದ್ದಳು, ಅವನು ತಲೆ ಕೆರೆದುಕೊಳ್ಳುತ್ತಿದ್ದ, ಅಪ್ಪ ಒಳಗಿನಿಂದ ನಗುತ್ತಿದ್ದರು. ಅಂಗಡಿಯ ಜೊತೆಗೆ ಅವನು ಮೆಣಸಿನಕಾಯಿ ಗೋದಾಮಿನಲ್ಲೂ ದುಡಿಯುತ್ತಿದ್ದ; ಆ ಘಾಟಿಗೆ ಅವಳ ಮೂಗು ಒಗ್ಗಿಹೋಗಿತ್ತು. ಹಳೆಯ ಬನಿಯನ್ ತುಂಡಿನಿಂದ ಅವಳು ಚೀಲಕ್ಕೆ ಎಣ್ಣೆ ತಿಕ್ಕುವಾಗ ಅವನು ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದ. ಬಿಳಿಚಿದ ತೊಗಲು ನಿಧಾನಕ್ಕೆ ಬಣ್ಣ ತುಂಬಿಕೊಳ್ಳುತ್ತಿತ್ತು. ಒಮ್ಮೊಮ್ಮೆ ಅವಳು ತಟ್ಟನೆ ಕಣ್ಣೆತ್ತಿದರೆ ಅವನ ನೋಟ ಚೀಲದ ಮೇಲೆ ಇರುತ್ತಿರಲಿಲ್ಲ.

ಅರುಣಾಳಿಗೆ ಮೂವತ್ತೆರಡು. ಐದು ವರ್ಷದ ಹಿಂದೆ ಅವರದೇ ಜನರಲ್ಲಿ ಒಂದು ಸಂಬಂಧ ಬಂದಿತ್ತು, ಹುಡುಗ ಸರ್ಕಾರಿ ನೌಕರಿಯವನು. ಎಲ್ಲ ಕೂಡಿಬಂದಿತ್ತು. ಕೊನೆಗೆ ಅವನು, "ಮದುವಿ ಆದಮ್ಯಾಲ ಈ ತೊಗಲಿನ ಕೆಲಸ ಬ್ಯಾಡ, ನಾಲ್ಕು ಮಂದಿಯೊಳಗ ಚಂದ ಕಾಣಂಗಿಲ್ಲ" ಎಂದಿದ್ದ. ಅವಳು ಬೇಡವೆಂದಿದ್ದು ಅವನನ್ನು. ಅಂದಿನಿಂದ ಅವಳು ಯಾರ ನೋಟವನ್ನೂ ಹೆಚ್ಚು ಹೊತ್ತು ಲೆಕ್ಕಕ್ಕೆ ಹಿಡಿದವಳಲ್ಲ. ಈಗ ಮಂಗಳವಾರ ಸಂಜೆ ತಲೆಗೆ ಎರೆದುಕೊಳ್ಳತೊಡಗಿದ್ದಳು. ಕಾರಣವನ್ನು ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ಹಾವೇರಿಯಿಂದ ದೀಪಿಕಾ ಎಂಬ ಹುಡುಗಿ ಬಂದಳು. ಹೈಸ್ಕೂಲ್ ಟೀಚರ್. ಹೆಗಲ ಚೀಲದ ಜಿಪ್ ಕೆಟ್ಟಿತ್ತು.

"ಚಲೋ ತೊಗಲು ಐತಿ," ಎಂದಳು ಅರುಣಾ. "ಎಲ್ಲಿ ತಗೊಂಡ್ರಿ?"

"ನಮ್ಮಣ್ಣ ಆರಿಸಿ ಕೊಟ್ಟಿದ್ದು. ಬ್ಯಾಡಗಿಯೊಳಗ ಅಂಗಡಿ ಇಟ್ಟಾನಲ್ರಿ, ಕಲ್ಲೇಶ. ನಿಮಗ ಗೊತ್ತಿರಬೇಕು. ತೊಗಲಿನ ವಿಷಯದಾಗ ಭಾಳ ಶಾಣ್ಯಾ ಅವ. ಕಣ್ಣು ಮುಚ್ಚಿ ಮೂಸಿ ಹೇಳ್ತಾನ, ಯಾವುದು ತೊಗಲು ಯಾವುದು ರೆಕ್ಸಿನ್ ಅಂತ."

ಅರುಣಾಳ ಕೈಯಲ್ಲಿ ಜಿಪ್ ಅಲ್ಲಿಗೇ ನಿಂತಿತು. "ಈಗೀಗ ಕಲತಾರೇನು?"

"ಅಯ್ಯ, ಹತ್ತು ವರ್ಷ ಆತು. ಯಾಕ್ರಿ?"

"ಏನಿಲ್ಲ. ಸುಮ್ಮ ಕೇಳ್ದೆ."

ದೀಪಿಕಾ ಹೋದ ಮೇಲೆ ಅವಳು ಒಳಕೋಣೆಗೆ ಹೋಗಿ ಮೂಲೆಯಲ್ಲಿ ಒಟ್ಟಿದ್ದ ರೆಕ್ಸಿನ್ ಚೀಲಗಳ ರಾಶಿಯ ಮುಂದೆ ಕುಳಿತಳು. ಕೆಂಪು, ಕರಿ, ಕಂದು, ಸಿಪ್ಪೆ ಸುಲಿದವು, ಹಿಡಿಕೆ ಹೋದವು. ಒಂದಕ್ಕೂ ಕಾಸಿನ ಬೆಲೆಯಿಲ್ಲ. ಬೈಸಿಕೊಳ್ಳುವುದಕ್ಕೆಂದೇ ಒಬ್ಬ ಇವನ್ನೆಲ್ಲ ಹುಡುಕಿ, ಗೋಣಿಗೆ ತುಂಬಿ, ಗಾಡಿ ಹತ್ತಿ ಹೊತ್ತು ತಂದಿದ್ದ. ಅವಳು ಮೊಣಕಾಲಿಗೆ ಮುಖವಿಟ್ಟು ನಕ್ಕಳು.

ಆ ಬುಧವಾರ ಅವನು ಬಂದಾಗ ಅವಳು ಏನೂ ಹೇಳಲಿಲ್ಲ. ತಂದದ್ದನ್ನೆಲ್ಲ ನಿಧಾನವಾಗಿ ಒತ್ತಿ ನೋಡಿ, "ಇದು ರೆಕ್ಸಿನ್ ಅಂತ ಅನಸ್ತೈತಿ, ನಿಮಗೇನು ಅನಸ್ತೈತಿ?" ಎಂದು ಕೇಳಿದಳು. ಅವನು ತೊದಲಿದ. ಅವಳು ಅವನ ಕಿವಿ ಕೆಂಪಾಗುವುದನ್ನು ಕಣ್ತುಂಬ ನೋಡಿದಳು. ಹೇಳುವುದಿದ್ದರೆ ಅವನೇ ಹೇಳಲಿ.

ಅವನು ಹೇಳಲಿಲ್ಲ. ಜನವರಿಯಲ್ಲಿ ಸಂಕ್ರಾಂತಿ ಕಳೆದ ಮೇಲೆ ಅವನು ಬರುವುದೂ ನಿಂತಿತು.

ಮೊದಲ ವಾರ, ಮೆಣಸಿನಕಾಯಿ ಸುಗ್ಗಿ, ಕೆಲಸ ಹೆಚ್ಚಿರಬೇಕು ಅಂದುಕೊಂಡಳು. ಎರಡನೆಯ ವಾರ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು. ಮೂರನೆಯ ವಾರ ಅವನಿಂದ ಒಂದೇ ಸಾಲಿನ ಮೆಸೇಜು: "ಸ್ವಲ್ಪ ದಿವಸ ಬರಾಕ ಆಗಂಗಿಲ್ರಿ." ಅದನ್ನು ಎಷ್ಟು ಸಲ ಓದಿದರೂ ಅದರೊಳಗೆ ಇನ್ನೊಂದು ಮಾತು ಸಿಗಲಿಲ್ಲ.

ಅಂಗಡಿಯಲ್ಲಿ ಘಾಟು ದಿನದಿನಕ್ಕೆ ಕಡಿಮೆಯಾಯಿತು. ಅವನು ಕೊನೆಯ ಸಲ ತಂದ ಕರಿ ಚೀಲವೊಂದನ್ನು ಅವಳು ಬಿಚ್ಚಿ ಗಾಳಿಗೆ ಇಟ್ಟಿರಲಿಲ್ಲ, ಒಳಗೆ ಹಳೆಯ ಪೇಪರೂ ತುರುಕಿರಲಿಲ್ಲ. ಕೆಲಸ ಮುಗಿಸಿ ಬಾಗಿಲು ಹಾಕುವ ಮುನ್ನ ಅದರ ಕೊಂಡಿಯನ್ನು ಒಂದಿಷ್ಟೇ ತೆರೆದು, ಮುಖ ಹತ್ತಿರ ಒಯ್ದು, ಲಗುಬಗೆಯಿಂದ ಮುಚ್ಚುತ್ತಿದ್ದಳು. ಹೆಚ್ಚು ತೆರೆದರೆ ಒಳಗಿನ ಘಾಟು ಖರ್ಚಾಗಿಬಿಡುತ್ತದೆ ಎಂಬಂತೆ.

ಐದನೆಯ ವಾರ ಅಪ್ಪ ಅಂದರು, "ತಂಗಿ, ಬ್ಯಾಡಗಿ ಏನ್ ದೂರ ಐತಿ? ಹೋಗಿ ಕೇಳ್ಕೊಂಡು ಬಾ. ಹೌದೋ ಅಲ್ಲೋ ಅನ್ನೂದು ತಿಳದ್ರ ಕೈ ಕೆಲಸಕ್ಕ ಹತ್ತತೈತಿ. ಎರಡು ದಿವಸ ಆತು, ಹೊಲಿಗಿ ಸೊಟ್ಟ ಹಾಕಾಕತ್ತೀದಿ."

ಕಾಣದ ಕಣ್ಣಿಗೂ ಸೊಟ್ಟ ಹೊಲಿಗೆ ಸಿಕ್ಕಿತ್ತು. ಅರುಣಾ ಮಧ್ಯಾಹ್ನದ ಗಾಡಿ ಹತ್ತಿದಳು.

ಬ್ಯಾಡಗಿಯಲ್ಲಿ ಅವನ ಅಂಗಡಿ ಮುಚ್ಚಿತ್ತು. ಪಕ್ಕದಲ್ಲಿ ಸ್ಟವ್ ರಿಪೇರಿ ಮಾಡುವ ಮುದುಕ ಮಲ್ಲಿಕಸಾಬ ಅವಳನ್ನು ನೋಡಿದ್ದೇ ಎದ್ದು ನಿಂತ.

"ರಾಣೇಬೆನ್ನೂರಿನ ಅರುಣಾ ಮೇಡಂ ಅಲ್ಲೇನ್ರಿ? ಬರ್ರಿ, ಕುಂದ್ರಿ. ಕಲ್ಲೇಶ ಗೋದಾಮಿಗೆ ಹೋಗ್ಯಾನ. ಫೋನ್ ಹಚ್ತೀನಿ."

"ನನ್ನ ಹೆಸರು ನಿಮಗ ಹೆಂಗ ಗೊತ್ತು?"

ಮುದುಕ ಗಡ್ಡದಲ್ಲೇ ನಕ್ಕ. "ದಿನಾ ಕೇಳ್ತೇನ್ರಿ, ಫೋನಿನ್ಯಾಗ ಫೋಟೋನೂ ನೋಡೇನಿ. ಗೊತ್ತಿರದಂಗ ಇರಾಕ ಹೆಂಗ ಆಗತೈತಿ?"

ಅರುಣಾಳಿಗೆ ಮೈಯೆಲ್ಲ ಬೆಚ್ಚಗಾಯಿತು, ಮರುಕ್ಷಣ ಸಿಟ್ಟೂ ಬಂತು. ಊರಿಗೆಲ್ಲ ಗೊತ್ತು, ತನಗೆ ಮಾತ್ರ ಹೇಳಿಲ್ಲ. "ಬ್ಯಾಡ್ರಿ, ನಾ ಹೊಂಟೆ" ಎಂದು ಸ್ಟೇಷನ್ನಿನ ದಾರಿ ಹಿಡಿದಳು.

ಪ್ಲಾಟ್‌ಫಾರಂ ತಲುಪುವಷ್ಟರಲ್ಲಿ ಹಿಂದಿನಿಂದ ಓಡಿಬರುವ ಸಪ್ಪಳ ಕೇಳಿಸಿತು. ಕಲ್ಲೇಶ ಬೇವಿನ ಮರದ ಕೆಳಗಿನ ಬೆಂಚು ಹಿಡಿದುಕೊಂಡು ಉಸಿರೆಳೆದುಕೊಂಡ. ಸೊರಗಿದ್ದ. ಗಡ್ಡ ಬಿಟ್ಟಿದ್ದ.

"ಮಲ್ಲಿಕಸಾಬರಿಗೆ ಗೊತ್ತೈತಿ," ಎಂದಳು ಅರುಣಾ.

"ಹೂಂ."

"ದೀಪಿಕಾಗ?"

"ಗೊತ್ತೈತಿ. ಅಕೀ ಬೇಕಂತನ ನಿಮ್ಮ ನೋಡಾಕ ಬಂದಿದ್ಲು."

"ಇನ್ನ್ಯಾರಿಗೆ ಹೇಳೀರಿ?"

"ಅವ್ವಗ." ಅವನು ಬೆಂಚಿನ ತುದಿಗೆ ಕುಳಿತ. "ಸಂಕ್ರಾಂತಿ ದಿವಸ ಹೇಳ್ದೆ. ಅವತ್ತಿಂದ ಮಾತು ಬಿಟ್ಟಾಳ. ಅಡಗಿ ಮಾಡಿ ಇಡ್ತಾಳ, ಊಟಕ್ಕ ಕರಿಯಂಗಿಲ್ಲ. ಹತ್ತು ದಿವಸ ಆದಮ್ಯಾಲ ಒಂದ ಮಾತು ಆಡಿದ್ಲು, 'ಅಕೀ ಆ ತೊಗಲಿನ ಕೆಲಸ ಬಿಡ್ತಾಳೇನು ಕೇಳು, ಆಮ್ಯಾಲ ನೋಡೋಣು' ಅಂತ."

ಐದು ವರ್ಷ ಹಳೆಯ ಮಾತು ಬೇರೆ ಬಾಯಿಂದ ಬಂದು ಅರುಣಾಳ ಎದೆಗೆ ತಾಗಿತ್ತು.

"ನೀವೇನಂದ್ರಿ?"

"ಆ ಕೆಲಸ ನೋಡೇ ನಾ ಅಕೀ ಕಡೆ ಹೋಗಿದ್ದು, ಅದನ್ನ ಬಿಡು ಅಂತ ಯಾವ ಬಾಯಿಲೆ ಕೇಳ್ಲಿ, ಅಂದೆ. ಮತ್ತ ಮಾತು ಬಿಟ್ಲು. ಈ ಕರಾರು ಹೊತಗೊಂಡು ನಿಮ್ಮ ಅಂಗಡಿ ಮೆಟ್ಟಲಾ ಹತ್ತಾಕ ಮನಸ್ಸಾಗಲಿಲ್ರಿ. ಅದು ಇತ್ಯರ್ಥ ಆಗೂತನಕ ಬರಬಾರದು ಅಂದ್ಕೊಂಡೆ."

"ಚಲೋ ಆತು," ಎಂದಳು ಅವಳು. "ಅವ್ವಗ ಹೇಳ್ದಿ, ತಂಗಿಗೆ ಹೇಳ್ದಿ, ಸ್ಟವ್ ರಿಪೇರಿಯವ್ರಿಗೆ ಹೇಳ್ದಿ. ನನಗ ಯಾವಾಗ ಹೇಳ್ತೀ? ಐದು ವಾರ ನಾ ಏನಂತ ತಿಳ್ಕೋಬೇಕಾಗಿತ್ತು? ನಾ ಒಲ್ಲೆ ಅಂದ್ರ ನಿಮ್ಮವ್ವನ ಸಿಟ್ಟು ಕಟಗೊಂಡಿದ್ದು ವ್ಯರ್ಥ ಅಲ್ಲೇನು?"

ಕಲ್ಲೇಶ ಅವಳನ್ನೇ ನೋಡುತ್ತಿದ್ದ. "ನೀವು ಈಗ ನನಗ 'ನೀ' ಅಂದ್ರಿ."

"ಮಾತು ತಪ್ಪಿಸಬ್ಯಾಡ."

ಅವನು ಎದ್ದು ನಿಂತ. ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಹೇಳಿದ: "ನೀ ಕೆಲಸ ಮಾಡೂದು ನೋಡ್ಕೋತ ಆ ಸ್ಟೂಲಿನ ಮ್ಯಾಲ ಕುಂತ್ರ ನನಗ ಮತ್ತೇನೂ ಬೇಕು ಅನ್ನಸಂಗಿಲ್ಲ ಅರುಣಾ. ಎದ್ದು ಬರೂದ ತ್ರಾಸ ಆಗತೈತಿ. ನನ್ನ ಮದುವಿ ಆಗ್ತೀಯೇನು?"

ಹೆಸರಿನ ಮುಂದೆ ಮೇಡಂ ಇರಲಿಲ್ಲ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಆಗ್ತೇನಿ," ಎಂದಳು. "ಆದ್ರ ಕಳ್ಳರಂಗ ಬ್ಯಾಡ. ಕೆಲಸ ಬಿಡಂಗಿಲ್ಲ, ಅಪ್ಪನ್ನೂ ಬಿಡಂಗಿಲ್ಲ. ನಿಮ್ಮವ್ವ ನಮ್ಮ ಮನಿಗೆ ಬಂದು ಚಾಪಿ ಮ್ಯಾಲ ಕುಂದರಬೇಕು. ಅಲ್ಲೀತನಕ ನಾ ಕಾಯ್ತೀನಿ."

"ಭಾಳ ದಿವಸ ಹಿಡದ್ರ?"

"ಹಿಡೀಲಿ. ನೀ ಮಾತ್ರ ದೂರ ಕುಂತು ಕಾಯಬ್ಯಾಡ. ಬಂದು, ಎದುರಿಗೆ ಕುಂತು ಕಾಯಿ."

ಅವನು ಅಂಗೈಯಿಂದ ಕಣ್ಣೊರೆಸಿಕೊಂಡ. ಮೆಣಸಿನಕಾಯಿ ಮುಟ್ಟಿದ ಕೈ, ಕಣ್ಣು ಇನ್ನಷ್ಟು ಉರಿದು ನೀರು ಸುರಿಯಿತು. ಅವಳು ಪರ್ಸಿನಿಂದ ಕರವಸ್ತ್ರ ತೆಗೆದು, ನಲ್ಲಿಯ ನೀರಲ್ಲಿ ನೆನೆಸಿ ತಂದು, ಅವನ ಗದ್ದ ಹಿಡಿದು ತಾನೇ ಒರೆಸಿದಳು. ಅವನು ಹಾಗೇ ನಿಂತಿದ್ದ.

"ನಿನ್ನಿ ಅವ್ವ ರೊಟ್ಟಿ ಬಡ್ಯಾಕತ್ತಿದ್ಲು," ಎಂದ ಕಣ್ಣು ಮುಚ್ಚಿಕೊಂಡೇ. "ತಿರುಗಿ ನೋಡ್ಲಿಲ್ಲ. ಅಲ್ಲಿಂದನ ಕೇಳಿದ್ಲು, 'ಅಕೀ ಹೆಸರೇನು?' ಅಂತ."

ಅರುಣಾಳ ಕೈ ಅವನ ಕೆನ್ನೆಯ ಮೇಲೆ ನಿಂತಿತು. "ಹೇಳಿದ್ಯೇನು?"

"ಹೇಳ್ದೆ. ಒಂದು ರೊಟ್ಟಿ ಬಡದು ಹಂಚಿಗೆ ಹಾಕಿದ್ಲು. ಆಮ್ಯಾಲ 'ಅಕೀಗೆ ಅವ್ವ ಇಲ್ಲೇನು?' ಅಂದ್ಲು. ಇಲ್ಲ ಅಂದೆ. ಅಷ್ಟ."

ರಾಣೇಬೆನ್ನೂರಿನ ಕಡೆಗೆ ಹೋಗುವ ಪ್ಯಾಸೆಂಜರ್ ಬಂದು ನಿಂತಿತು. ನಾಲ್ಕಾರು ಜನ ಇಳಿದರು, ನಾಲ್ಕಾರು ಜನ ಹತ್ತಿದರು. ಮುಂದಿನ ಗಾಡಿ ಎರಡು ತಾಸಿನ ಮೇಲೆ. ಅರುಣಾ ಬೆಂಚಿನ ಮೇಲೆ ಕುಳಿತು ಪಕ್ಕದ ಜಾಗದ ತರಗೆಲೆಗಳನ್ನು ಕೈಯಿಂದ ಸರಿಸಿದಳು. ಅವನು ಕುಳಿತ.

ಗಾಡಿ ಕೂಗು ಹಾಕಿ ಹೊರಟಿತು.

"ನಿನ್ನ ಗಾಡಿ ಹೋಗಾಕತ್ತೈತಿ," ಎಂದ ಕಲ್ಲೇಶ.

"ಗೊತ್ತೈತಿ," ಎಂದಳು ಅರುಣಾ. "ನಿಮ್ಮವ್ವ ಮತ್ತೇನೇನು ಕೇಳ್ಬಹುದು, ಹೇಳು."