ಒಂಬತ್ತು ವರ್ಷದ ಬಾಯಿಮಾತು

"ತಲೆ ಇದೆಯಾ ನಿಮಗೆ? ಒಂದೇ ಸಂಜೆಗೆ ಎರಡು ಮದುವೆ! ಆರು ಜನರ ವಾದ್ಯದ ತಂಡಾನ ಬದನೆಕಾಯಿ ಹಾಗೆ ಸೀಳಲಾ?"

"ಮಹಲ್ಲಾ ಊರಿನವರಿಗೆ ನಾನು ಮಾತು ಕೊಟ್ಟಾಗಿದೆ, ಮದಾಮ್," ಎಂದ ರಿಫಾತ್. ಸಿಟ್ಟು ಬಂದಾಗ ಮಾತ್ರ ಅವನಿಗೆ ನಾನು ಮದಾಮ್. ಉಳಿದಂತೆ ಬರೀ ಇನ್ಶಿರಾಹ್.

"ತಾಂತಾ ಊರಿನವರಿಗೆ ನಾನು ಕೊಟ್ಟಿಲ್ವಾ? ತಂಡ ನಡೆಸೋಳು ನಾನಾ, ನೀವಾ?"

"ಎಲ್ಲಿ ಬರೆದಿದೆ?"

ಎಲ್ಲೂ ಬರೆದಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಸೋದರತ್ತೆ ನಗಾತ್ ಎದುರು, ಇಬ್ಬರೂ ಅಂಗೈ ಎತ್ತಿ, ಮಾತು ಗಟ್ಟಿಮಾಡಲು ಕುರಾನಿನ ಮೊದಲ ಅಧ್ಯಾಯ ಫಾತಿಹಾ ಓದಿ ತಂಡ ಶುರುಮಾಡಿದ್ದೆವು. ನಮ್ಮ ಕಡೆ ಎಮ್ಮೆ ಮಾರಿದರೂ ಅದನ್ನೇ ಓದುತ್ತೇವೆ, ಹೆಣ್ಣು ಗೊತ್ತುಮಾಡಿದರೂ ಅದನ್ನೇ. ಕಾಗದ ಮಾಡೋಣವೇ ಎಂದು ಅವನು ಅವತ್ತೇ ಕೇಳಿದ್ದ. ಕಾಗದ ಕಳ್ಳರಿಗೆ ಎಂದು ಬೈದವಳು ನಾನೇ.

"ಬೇರೆ ಆಗಿಬಿಡೋಣ," ಎಂದು ಅವನು ಅಕಾರ್ಡಿಯನ್ ಹೆಗಲಿಗೇರಿಸಿದ. "ಅರ್ಧ ತಂಡ ನಿಮಗೆ. ಹೆಸರೂ ನಿಮಗೇ ಇರಲಿ."

ಅಕಾರ್ಡಿಯನ್ ಸಣ್ಣಗೆ ನರಳಿತು. ನನ್ನೊಳಗೂ ಏನೋ ನರಳಿತು. ಆ ಹಾಳು ಪೆಟ್ಟಿಗೆಯ ಮೇಲೆ ಓಡಾಡುವ ಅವನ ಬೆರಳು ನೋಡದ, ಮದುವೆಗಳ ಗುರುವಾರವೇ ನನಗಿರಲಿಲ್ಲ.

"ಕೂತ್ಕೊಳ್ರಿ!" ಎಂದು ಗದರಿಸಿ, ದಿನಸಿ ಪಟ್ಟಿಯ ಪುಸ್ತಕದಿಂದ ಒಂದು ಹಾಳೆ ಹರಿದೆ. "ಬರೀತೀನಿ. ಇಬ್ಬರ ಸಹಿ ಇಲ್ಲದೆ ಯಾವ ಮದುವೇನೂ ಒಪ್ಪಬಾರದು."

"ಹೆಸರು ಯಾರದು?"

"ಇಬ್ಬರದೂ. ಒಬ್ಬರು ಬಿಟ್ಟುಹೋದ್ರೆ ಉಳಿದವರದು."

ಅವನು ಕನ್ನಡಕದ ಮೇಲಿಂದ ನೋಡಿದ. ಬೆಲ್ಲ ಕದ್ದ ಹುಡುಗನ ನೋಟ. "ಯಾರೂ ಬಿಡದಿದ್ರೆ?"

ಅವನೇ ಪೆನ್ನು ಕಿತ್ತುಕೊಂಡು ಗೀಚಿದ: ವ್ಯಾನಿನಲ್ಲಿ ಮದಾಮ್ ಹಿಂದೆ ಡೋಲಿನ ಜೊತೆ ಕೂರಬಾರದು. ಮುಂದೆ, ನನ್ನ ಪಕ್ಕ ಕೂರಬೇಕು.

"ಇದು ಕರಾರಲ್ಲಿ ಬರೆಯೋ ಮಾತಾ?"

"ಬರೀದೇ ಕೆಟ್ಟಿದ್ದು ಸಾಲದಾ?"

"ಎಷ್ಟು ದಿನಕ್ಕೆ? ಅವಧಿ ಹಾಕಿ." ನನ್ನ ದನಿ ಯಾಕೋ ಮೆತ್ತಗಾಗಿತ್ತು.

ಇಬ್ಬರಲ್ಲಿ ಒಬ್ಬರು ಸಾಯುವವರೆಗೆ, ಎಂದು ಬರೆದ.

"ಇಂಥ ಕರಾರು ಬರೆಯೋಕೆ ನಿಕಾಹ್ ಮಾಡಿಸೋ ಶೇಖ್ ಬೇಕು," ಎಂದೆ, ಹಾಳೆ ನೋಡುತ್ತ.

"ಕೊನೆಗೂ!" ಚಹಾ ತಂದ ಅತ್ತೆ ತಟ್ಟೆ ಕುಕ್ಕಿದಳು. "ಒಂಬತ್ತು ವರ್ಷದಿಂದ ಮದುವೆ ದಿನ ಗೊತ್ತುಮಾಡ್ತೀರಿ ಅಂತ ಕಾಯ್ತಾ ಇದೀನಿ. ಫಾತಿಹಾ ಓದಿದ ದಿನ ಬೀದಿಗೆಲ್ಲಾ ಶರಬತ್ತು ಹಂಚಿದ್ದೆ. ಆಮೇಲೆ ಬಂದ ಮೂರು ಗಂಡುಗಳನ್ನ ಹುಡುಗಿಗೆ ಗಂಡು ಗೊತ್ತಾಗಿದೆ ಅಂತ ಬಾಗಿಲಲ್ಲೇ ವಾಪಸ್ ಕಳಿಸಿದೀನಿ!"

"ಅತ್ತೆ! ಅದು ತಂಡಕ್ಕೆ ಓದಿದ್ದು!"

"ನಂಗೇನು ಗೊತ್ತು? ನೀವೇನು ಚೀಟಿ ಬರೆದು ಕೊಟ್ಟಿದ್ರಾ?"

ನಾನು ರಿಫಾತ್ ಕಡೆ ತಿರುಗಿದೆ. ಅವನು ತನ್ನ ಬೂಟು ನೋಡುತ್ತಿದ್ದ. ಕಿವಿ ಕೆಂಪಾಗಿತ್ತು.

"ನೀವೂನಾ?"

"ಎರಡಕ್ಕೂ ಸೇರಿಸಿ ಓದಿದ್ದು ಅಂದ್ಕೊಂಡಿದ್ದೆ. ನೀವು ದಿನಾನೇ ಹೇಳಲಿಲ್ಲ."

"ಕೇಳೋಕೆ ಏನು ಧಾಡಿ?"

"ಬೈತೀರಿ ಅಂತ."

"ಬೈಯದೇ ಬಿಡ್ತೀನಾ! ನಲವತ್ತಾರು ವರ್ಷ ಆಯ್ತು ನಂಗೆ!" ಹಾಳೆಯನ್ನು ಚೀಲಕ್ಕೆ ತುರುಕಿ ಎದ್ದೆ. "ಏಳಿ. ಮೊದಲು ಶೇಖ್ ಮನೆ. ಒಂಬತ್ತರವರೆಗೆ ತಾಂತಾ. ಹತ್ತಕ್ಕೆ ಮಹಲ್ಲಾ. ಮದುಮಗಳು ತಡ ಆಯ್ತು ಅಂದ್ರೆ, ನಾನು ಒಂಬತ್ತು ವರ್ಷ ಕಾದವಳು ಅಂತ ಹೇಳಿ."

"ಚಹಾ ಕುಡಿದು ಹೋಗೇ!" ಎಂದು ಅತ್ತೆ ಕೂಗಿದಳು.

"ಬಂದು ಕುಡೀತೀನಿ!"

ಮೆಟ್ಟಿಲಿಳಿದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡೆ. ಮಹಲ್ಲಾ ಮುಗಿಸಿ ನೇರ ರಿಫಾತ್ ಮನೆಗೆ ಹೋದೆ; ಆ ಚಹಾಕ್ಕೆ ನಾನು ಹಿಂತಿರುಗಲೇ ಇಲ್ಲ.