ಅಳಿಸಿದ ದನಿ

"ಈ ಪೆಟ್ಟಿಗೆ ಕೈಗೆ ಕೊಟ್ಟರೆ ನನ್ನ ಮಗಳು ಬಾಯಿ ಬಿಡೋದೇ ಇಲ್ಲ! ತಗೊಂಡು ಹೋಗಿ!"

ಮೊದಲ ದಿನವೇ ಮಾತಿನ ಟೀಚರ್ ಮೇಲೆ ಹರಿಹಾಯ್ದಿದ್ದ ಆ ಟೈಲರ್. ಅವನ ಮಗಳು ಗುಬ್ಬಿಗೆ ನಾಲ್ಕು ವರ್ಷ. ಆಟಿಸಂ ಇದ್ದ, ತಾಯಿಯಿಲ್ಲದ ಕೂಸು.

"ಮಾತು ಬರೋವರೆಗೂ ಅವಳಿಗೇನು ಬೇಕು ಅಂತ ಯಾರಿಗೂ ಗೊತ್ತಾಗೋದೇ ಬೇಡ್ವಾ?" ಎಂದು ಟೀಚರ್ ಕೂಡ ಬಿಡದೆ ಕೇಳಿದ್ದಳು. ಚಿತ್ರ ಒತ್ತಿದರೆ ಮಾತಾಡುವ ಆ ಟ್ಯಾಬ್‌ಗೆ ತನ್ನದೇ ದನಿಯಲ್ಲಿ ನಲವತ್ತು ಮಾತು ತುಂಬಿಸಿಕೊಟ್ಟಿದ್ದಳು.

ಎರಡು ತಿಂಗಳಾದ ಮೇಲೆ ಗುಬ್ಬಿ ಮೊದಲ ಸಲ "ಸಾಕು" ಒತ್ತಿ ತಟ್ಟೆ ತಳ್ಳಿದಳು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಆಸಾಮಿ, ಕೊರಳಲ್ಲಿದ್ದ ಅಳತೆ ಟೇಪಿನಲ್ಲೇ ಕಣ್ಣೊರೆಸಿಕೊಂಡ!

ಟೀಚರ್ ಅವನಿಗೆ ಮನಸೋತದ್ದು ಅಂದೇ. ಆದರೆ ಊರ ಮಕ್ಕಳಿಗೆಲ್ಲ ಮಾತು ಕಲಿಸುವವಳಿಗೆ ತನ್ನ ಮನಸಿನ ಮಾತು ಹೇಳಲು ಮಾತ್ರ ಬಂದಿರಲಿಲ್ಲ.

ಗುಬ್ಬಿ ನಾಳೆಯಿಂದ ಶಾಲೆಗೆ. ಇದು ಕೊನೆಯ ಪಾಠ. ಇವತ್ತು ಹೇಳಿಬಿಡಬೇಕು... ಎಂದುಕೊಂಡೇ ಅವಳು ಟೈಲರ್ ಮನೆಯೊಳಗೆ ಬಂದಳು.

ಗುಬ್ಬಿ ಓಡಿಬಂದು ಟ್ಯಾಬ್ ಒತ್ತಿದಳು. "ಟೀಚರ್ ಬಾ!"

ದನಿ ತನ್ನದಲ್ಲ! ಯಾವುದೋ ಪುಟ್ಟ ಹುಡುಗಿಯದು.

ನಾನಿನ್ನೂ ಹೋಗಿಯೇ ಇಲ್ಲ, ಆಗಲೇ ಒರೆಸಿ ಹಾಕಿದರಾ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ, ಅಲ್ಲವೇ!

"ನನ್ನ ದನಿ ಅಷ್ಟು ಬೇಸರ ಬಂತಾ ನಿಮಗೆ?"

ಅವನು ಹೊಲಿಗೆ ನಿಲ್ಲಿಸಿದ. "ಅಯ್ಯೋ, ಹಾಗಲ್ಲ ಟೀಚರ್... ಅದು ನಮ್ಮಕ್ಕನ ಮಗಳ ದನಿ. ಅವಳಿಗೂ ಗುಬ್ಬಿಯಷ್ಟೇ ವಯಸ್ಸು."

"ಯಾಕೆ ಬದಲಾಯಿಸಿದ್ರಿ?"

ಅವನು ತಲೆಯೆತ್ತಲಿಲ್ಲ. "ಮೊನ್ನೆ ಗುಬ್ಬಿಗೆ ಕಿವಿನೋವು. 'ನೋವು' ಅಂತ ನಾಲ್ಕು ಸಲ ಒತ್ತಿದ್ಳು. ನಾನು ಇಲ್ಲೇ ಕೂತು... ನಿಮ್ಮ ದನಿ ಕೇಳ್ತಾ ಮೈಮರೆತಿದ್ದೆ. ಮಗಳು ಕರೀತಿದ್ದಾಳೆ ಅಂತ ಹೊಳೀಲೇ ಇಲ್ಲ! ತಪ್ಪಲ್ವಾ ಅದು? ಅವಳ ಮಾತು ಅವಳದಾಗೇ ಕೇಳಿಸ್ಬೇಕಲ್ವಾ?"

ಅವಳ ಕಣ್ಣು ತುಂಬಿ ಬಂತು. ಸಿಟ್ಟೆಲ್ಲ ಎತ್ತ ಹೋಯಿತೋ!

"ಇದನ್ನ ಹೇಳೋಕೆ ನಿಮಗೂ ಒಂದು ಟ್ಯಾಬ್ ಕೊಡಬೇಕಿತ್ತಾ?"

ಅವನು ನಕ್ಕುಬಿಟ್ಟ.

"ಹಾಗಾದ್ರೆ ಈ ಮನೆಗೆ ನನ್ನ ದನಿ ಬೇಡ?" ಅವಳು ಕೇಳಿದಳು.

"ಬೇಕು... ಪೆಟ್ಟಿಗೇಲಲ್ಲ. ನೀವೇ ಬಂದು ಮಾತಾಡ್ಬೇಕು. ದಿನಾ."

ಅವಳು ಉತ್ತರಿಸುವಷ್ಟರಲ್ಲಿ ಗುಬ್ಬಿ ಇನ್ನೊಂದು ಚಿತ್ರ ಒತ್ತಿದಳು. "ಹಸಿವು."

"ಬಂದೆ ಮಗಳೇ!" ಅವನು ತಟ್ಟನೆ ಎದ್ದ.

"ನಾನೂ ಬಂದೆ," ಎಂದಳು ಅವಳು.