ಎಡಗೈಗೆ ಒಲಿದ ಹಾರ್ಮೋನಿಯಂ

"ಬಲಗೈ ರೀ, ದುರ್ಗಾಂಬಿಕಾ!"

ಎಂಟು ತಿಂಗಳಿಂದ ಪ್ರತಿ ಭಾನುವಾರ ಕಲ್ಲೇಶ್ ಇದನ್ನೇ ಹೇಳುತ್ತಿದ್ದರು. ನ್ಯಾಮತಿಯ ಅವರ ಮನೆ ಪಡಸಾಲೆಯಲ್ಲಿ, ಹಾರ್ಮೋನಿಯಂ ಮುಂದೆ, ಮೂವತ್ತೆಂಟರ ನಾನು ಶಾಲೆ ಹುಡುಗಿಯಂತೆ ತಲೆ ತಗ್ಗಿಸುತ್ತಿದ್ದೆ. ಅವರಿಗೂ ಮದುವೆಯಾಗಿಲ್ಲ, ನನಗೂ ಇಲ್ಲ. ಊರಿಗೆ ಬೇಕಾದಷ್ಟು ಮಾತು ಸಿಕ್ಕಿತ್ತು.

ಒಂಬತ್ತನೇ ವಯಸ್ಸಿನಲ್ಲೂ ಇದೇ ಪಡಸಾಲೆಯಲ್ಲಿ ಸೋತಿದ್ದೆ. ಆಗ ಕಲಿಸುತ್ತಿದ್ದವರು ಕಲ್ಲೇಶರ ತಂದೆ, ಮರುಳಸಿದ್ದಪ್ಪ ಮಾಸ್ತರು. ನಾನು ಎಡಚಿ. ದೇವರ ಪದ ಎಡಗೈಯಲ್ಲಿ ನುಡಿಸುವುದೇ ಎಂದು ಸಿಟ್ಟಾಗಿ, ಆ ಕೈಯನ್ನು ಟವೆಲ್‌ನಿಂದ ಬೆನ್ನ ಹಿಂದೆ ಕಟ್ಟಿದರು. ಗಾಳಿ ಹಾಕಲು ಮಗನನ್ನು ಕೂರಿಸಿದರು. ಮಾರನೇ ದಿನದಿಂದ ನಾನು ಹೋಗಲಿಲ್ಲ. ಆದರೆ ಆಸೆ ಸಾಯಲಿಲ್ಲ.

ಒಂದು ಭಾನುವಾರ ಕಲ್ಲೇಶ್ ಟೀ ತರಲು ಒಳಗೆ ಹೋದರು. ಯಾರೂ ಇಲ್ಲವೆಂದು ಬಲಗೈಯಲ್ಲಿ ಗಾಳಿ ಹಾಕಿ, ಎಡಗೈಯಲ್ಲಿ ನುಡಿಸಿದೆ. ಇಡೀ ಪದ ಎಲ್ಲೂ ತಪ್ಪದೆ ಬಂತು. ತಲೆ ಎತ್ತಿದರೆ ಅವರು ಬಾಗಿಲಲ್ಲಿದ್ದರು. ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟೆ.

"ಮುಚ್ಚಬೇಡ್ರಿ. ಇದು ಹೆಂಗೆ ಬಂತು?"

"ದಿನಾ ಅಡುಗೆ ಕಟ್ಟೆ ಮೇಲೆ ಬೆರಳಾಡಿಸ್ತೀನಿ. ನೀವು ಬಲಗೈಗೆ ಹೇಳಿದ್ದನ್ನೆಲ್ಲ ಎಡಗೈ ಕೇಳಿಸ್ಕೊಂಡೈತೆ ರೀ."

ಅವರು ನಗಲಿಲ್ಲ. ಟೀ ಕೆಳಗಿಟ್ಟು ಎದುರಿಗೆ ಕೂತರು.

"ಅವತ್ತು ನೀವು ಅಳ್ತಿದ್ರಿ. ನಾನು ಗಾಳಿ ಹಾಕ್ತಾನೇ ಇದ್ದೆ. ಅಪ್ಪನ ಹೆದರಿಕೆ. ಈಗ ಯಾರ ಹೆದರಿಕೆ ಇತ್ತು ಹೇಳ್ರಿ? ಎಂಟು ತಿಂಗಳು ನಾನೂ ಅಪ್ಪನಂಗೇ ಮಾಡಿದೆ."

ಅವರ ಕಣ್ಣು ತುಂಬಿತ್ತು. ಇವರನ್ನು ನಾನು ಪ್ರೀತಿಸುತ್ತೇನೆಂದು ನನಗೆ ಗೊತ್ತಾದದ್ದು ಆಗಲೇ.

ಸೋಮವಾರ ಸಂಜೆ ಗುಡಿಯ ಭಜನೆಯಲ್ಲಿ ಕಲ್ಲೇಶ್ ಹಾರ್ಮೋನಿಯಂ ಮುಂದಿನ ತಮ್ಮ ಜಾಗದಿಂದ ಎದ್ದು ನನ್ನನ್ನು ಕೂರಿಸಿದರು. ಮೇಳದ ಹಿರಿಯ ಮುರುಗೇಶಪ್ಪಜ್ಜ ತಾಳ ಕೆಳಗಿಟ್ಟರು.

"ದೇವರ ಪದ ಎಡಗೈಲಾ?"

"ಮೊದಲು ಕೇಳ್ರಿ ಅಜ್ಜ. ಬ್ಯಾಡ ಅನ್ಸಿದ್ರೆ ನಾನೂ ಇವರ ಜೊತೆ ಎದ್ದು ಹೋಗ್ತೀನಿ."

ಇಪ್ಪತ್ತು ವರ್ಷ ಕಲ್ಲೇಶ್ ಕೂತ ಜಾಗವದು. ಬಲಗೈಯಲ್ಲಿ ಗಾಳಿ ಹಾಕಿ ಶುರು ಮಾಡಿದೆ. ಮೊದಲ ಸಾಲು ತೊದಲಿತು, ಎರಡನೆಯದು ನೆಲೆಗೆ ನಿಂತಿತು. ಪಲ್ಲವಿಗೆ ಮರಳಿದಾಗ ಪಕ್ಕದಿಂದ ತಾಳ ಕೇಳಿಸಿತು. ಅಜ್ಜ ಕಣ್ಣು ಮುಚ್ಚಿ ಹಾಡುತ್ತಿದ್ದರು.

ಎಲ್ಲರೂ ಹೋದ ಮೇಲೆ ಗುಡಿ ಮೆಟ್ಟಿಲ ಮೇಲೆ ಕಲ್ಲೇಶ್ ಕೈ ಚಾಚಿದರು.

"ನನ್ನ ಮದುವೆ ಆಗ್ತೀರೇನ್ರೀ?"

"ಯಾವ ಕೈ ಕೊಡ್ಲಿ?" ಎಂದು ಕೇಳಿದೆ.

ನನ್ನ ಎಡಗೈ ಆಗಲೇ ಅವರ ಕೈಯಲ್ಲಿತ್ತು.